ಬೇರೆ ದಣಿವು

ಕರೀಮುನ್ನೀಸಾ ಹಣ್ಣಿನ ಬುಟ್ಟಿ ಹಿಡಿದುಕೊಂಡು ಮನೆಗೆ ಬಂದ ದಿನ ಹಾಜಿರಾ ವಿಷಯವನ್ನೇ ತಪ್ಪಾಗಿ ತಿಳಿದುಕೊಂಡಳು.

ಶುಕ್ರವಾರ ಮಧ್ಯಾಹ್ನ. ರೇಷ್ಮೆ ನೂಲು ಬಿಚ್ಚುವ ಶೆಡ್ಡಿಗೆ ವಾರದ ರಜೆ. ಹಾಜಿರಾ ಅಡುಗೆಮನೆಯಲ್ಲಿ ಕಾಲು ಚಾಚಿ ಕೂತು ಅಕ್ಕಿ ಆರಿಸುತ್ತಿದ್ದಳು. ಪರದೆಯ ಆಚೆ ನಡುಮನೆಯಲ್ಲಿ ಕರೀಮುನ್ನೀಸಾ ಹಾಜಿರಾಳ ತಮ್ಮ ಜಬ್ಬಾರನ ಜೊತೆ ಮಾತಾಡುತ್ತಿದ್ದಳು. ಪಕ್ಕದ ಬೀದಿಯಲ್ಲಿ ರೇಷ್ಮೆಗೂಡು ಬೇಯಿಸುವ ಎರಡು ಬಾಣಲೆಯ ಪುಟ್ಟ ಶೆಡ್ಡು ನಡೆಸುವ ಸನಾವುಲ್ಲಾನ ತಾಯಿ ಆಕೆ.

“ನಿಮ್ಮ ಹಾಜಿರಾನ ನಮಗೆ ಕೊಟ್ಬುಡಪ್ಪ ಜಬ್ಬಾರ್. ಅಂಥ ಕೈ ಇಡೀ ರಾಮನಗರದಲ್ಲೇ ಇಲ್ಲ.”

ಕೆಲಸಕ್ಕೆ ಜನ ಸಿಗದ ಶೆಡ್ಡಿನವರು ಹೀಗೆ ಮನೆಬಾಗಿಲಿಗೆ ಬರುವುದು ಹೊಸದೇನಲ್ಲ. ಹಾಜಿರಾ ಮೊರ ಕೆಳಗಿಡದೆ ಕೂತಲ್ಲಿಂದಲೇ ಕೂಗಿ ಹೇಳಿದಳು. “ಈಗಿರೋ ಶೆಡ್ಡು ಬುಟ್ಟು ಬರಕ್ಕಾಗಕಿಲ್ಲ ಕಣಮ್ಮಾ. ಹಬ್ಬ ಕಳೀಲಿ, ನೋಡುವಾ. ಬೆಳಿಗ್ಗೆ ಎಷ್ಟೊತ್ತಿಗೆ ಒಲೆ ಹಚ್ತೀರ ನೀವು?”

ಆ ಕಡೆಯಿಂದ ಮನೆ ಹಾರಿಹೋಗುವಂಥ ನಗು. ಜಬ್ಬಾರನ ಹೆಂಡತಿ ಬಿಸ್ಮಿಲ್ಲಾ ಪರದೆ ಸರಿಸಿಕೊಂಡು ಒಳಗೆ ಬಂದಳು. ನಕ್ಕು ನಕ್ಕು ಅವಳ ಕಣ್ಣಲ್ಲಿ ನೀರು.

“ಆಪಾ, ಕೆಲಸಕ್ಕಲ್ಲ! ನಿಕಾಹ್‌ಗೆ ಕೇಳ್ತಾವ್ರೆ!”

ಹಾಜಿರಾಳ ಕೈಯಲ್ಲಿದ್ದ ಮೊರ ಒಂದು ಕಡೆಗೆ ವಾಲಿತು. ಅರ್ಧ ಅಕ್ಕಿ ನೆಲಕ್ಕೆ ಬಿತ್ತು.

ಅವಳಿಗೆ ಮೂವತ್ತನಾಲ್ಕು. ಅಪ್ಪ ತೀರಿಕೊಂಡಾಗ ಹದಿನಾರು. ಆ ತಿಂಗಳೇ ಅಮ್ಮನ ಕೈ ಹಿಡಿದು ಶೆಡ್ಡಿಗೆ ಹೋಗಿ ಬಾಣಲೆಯ ಮುಂದೆ ಕೂತವಳು ಹದಿನೆಂಟು ವರ್ಷ ಅಲ್ಲೇ ಕೂತಿದ್ದಳು. ಕೈ ಸುಡುವ ನೀರಲ್ಲಿ ಗೂಡು ತೇಲುತ್ತವೆ. ಬೆರಳು ಅದ್ದಿ ಎಳೆಯ ತುದಿ ಹುಡುಕಬೇಕು, ಏಳೆಂಟು ಎಳೆ ಒಟ್ಟು ಮಾಡಿ ತಿರುಗುವ ಚರಕಕ್ಕೆ ಕೊಡಬೇಕು. ಎಳೆ ಹರಿದರೆ ಮತ್ತೆ ಬೆರಳು ಅದ್ದಬೇಕು. ಅಮ್ಮ ಹೋದಳು. ಜಬ್ಬಾರ್ ಬೆಳೆದ, ಆಟೋ ಓಡಿಸಲು ಕಲಿತ, ಮದುವೆಯಾದ. ಹಾಜಿರಾಳ ಮದುವೆಯ ಮಾತನ್ನು ಮೊದಲು ಎಲ್ಲರೂ ಆಡುತ್ತಿದ್ದರು, ಆಮೇಲೆ ಕೆಲವರು ಆಡುತ್ತಿದ್ದರು, ಈಗ ಯಾರೂ ಆಡುತ್ತಿರಲಿಲ್ಲ.

ಸನಾವುಲ್ಲಾ ಮಾತ್ರ ನೋಡುತ್ತಿದ್ದ.

ನೋಡುತ್ತಿದ್ದ ಎಂದರೆ ನೇರವಾಗಿ ಅಲ್ಲ. ನಲವತ್ತು ದಾಟಿದ ಗಂಡಸು. ಹೆಂಡತಿ ತೀರಿ ಆರು ವರ್ಷವಾಗಿತ್ತು, ಮಕ್ಕಳಿಲ್ಲ. ಒಸಿ ಸೌದೆ ಬೇಕಿತ್ತು, ಚರಕದ ಹಗ್ಗ ಕಿತ್ತುಹೋಯಿತು ಎಂದು ಏನೋ ನೆವ ಮಾಡಿಕೊಂಡು ಹಾಜಿರಾ ಇದ್ದ ಶೆಡ್ಡಿಗೆ ಬರುತ್ತಿದ್ದ. ಬಂದವನು ಹೆಂಚು ಎಣಿಸುವವನ ಹಾಗೆ ಮಾಡು ನೋಡುತ್ತ ನಿಲ್ಲುತ್ತಿದ್ದ. ಕಣ್ಣು ಮಾಡಿನಿಂದ ಗೋಡೆಗೆ, ಗೋಡೆಯಿಂದ ಒಲೆಗೆ, ಒಲೆಯಿಂದ ಹಬೆಯ ಹಿಂದಿನ ಮುಖಕ್ಕೆ ಇಳಿಯುತ್ತಿತ್ತು. ಹಾಜಿರಾ ತಲೆ ಎತ್ತಿದರೆ ಸಾಕು, ಸರ್ರನೆ ಹೆಂಚಿಗೆ ಹತ್ತುತ್ತಿತ್ತು.

ಒಮ್ಮೆ ಅವನ ಶೆಡ್ಡಿನಲ್ಲಿ ಎಳೆ ನಿಲ್ಲದೆ ಹರಿಯುತ್ತಿದೆಯೆಂದು ಇವಳನ್ನು ಕರೆಸಿದ್ದ. ಹಾಜಿರಾ ಬಾಣಲೆಗೆ ಎರಡು ಬೆರಳು ಅದ್ದಿ, “ನೀರು ಕಾದಿದ್ದು ಜಾಸ್ತಿ ಆಗೈತೆ ಸನಾವುಲ್ಲಾ ಭಾಯ್” ಎಂದಳು. ನಂಬದವನ ಹಾಗೆ ಅವನೂ ಬೆರಳು ಅದ್ದಿ, “ಯಾ ಅಲ್ಲಾ!” ಎಂದು ಕೈ ಝಾಡಿಸಿ ಕುಣಿದಾಡಿಬಿಟ್ಟ. ಹಾಜಿರಾಳ ಬೆರಳು ಇನ್ನೂ ನೀರೊಳಗೇ ಇತ್ತು. ಅವನು ಕುಣಿಯುವುದು ನಿಲ್ಲಿಸಿ ಆ ಬೆರಳನ್ನೇ ನೋಡಿದ.

“ನಿಂಗೆ ಸುಡಕಿಲ್ವಾ?”

“ಸುಡ್ತದೆ. ರೂಢಿ ಆಗ್ಬುಟ್ಟೈತೆ.”

ಆವತ್ತು ಅವನ ಕಣ್ಣು ಹೆಂಚಿಗೆ ಹತ್ತಲಿಲ್ಲ. ಮನೆಗೆ ಬಂದ ಮೇಲೂ ಹಾಜಿರಾಳಿಗೆ ಆ ನೋಟ ಬೆನ್ನ ಮೇಲೆ ಬಿದ್ದ ಬಿಸಿಲಿನ ಹಾಗೆ ಅನಿಸುತ್ತಲೇ ಇತ್ತು.

ಹಾಗಾಗಿ ಚೆಲ್ಲಿದ ಅಕ್ಕಿ ಬಳಿಯುತ್ತ ಕೂತವಳಿಗೆ ಆ ಶುಕ್ರವಾರ ಉಸಿರಾಟವೇ ಬೇರೆಯಾಯಿತು. ಕರೀಮುನ್ನೀಸಾ ಒಳಗೆ ಬಂದು ಪಕ್ಕದಲ್ಲೇ ಕೂತಳು. ಒಳ್ಳೆಯ ಹೆಂಗಸು, ಮೆಲುದನಿ. ಹಾಜಿರಾಳ ಎರಡೂ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು ಸವರಿದಳು.

“ನೀನು ಬತ್ತೀಯ ಅಂದ್ರೆ ನಂಗೆ ಧೈರ್ಯ ಕಣಮ್ಮ. ನಿಂಗೇ ಅಂತ ಮೂರನೇ ಒಲೆ ಕಟ್ಟಿಸ್ತಾ ಇವ್ನಿ.”

ಹಾಜಿರಾ ನಕ್ಕಳು. ಆ ಮಾತು ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ.

ಇಳಿದದ್ದು ಸೋಮವಾರ. ಕೆಲಸ ಮುಗಿಸಿ ಮನೆಗೆ ಹೋಗುವಾಗ ಸುಮ್ಮನೆ ಅವನ ಬೀದಿಯಿಂದ ಹೋದಳು. ಶೆಡ್ಡಿನ ಬಾಗಿಲು ತೆರೆದಿತ್ತು. ಗಾರೆಯವನು ಹೊಸ ಒಲೆಗೆ ಕೆಂಪು ಮಣ್ಣು ಮೆತ್ತುತ್ತಿದ್ದ. ಒಲೆಯ ಮುಂದೆ ಕೂರಲು ಪುಟ್ಟ ಕಟ್ಟೆ. ಅದರ ಎತ್ತರ, ಗೋಡೆಗೂ ಅದಕ್ಕೂ ಇರುವ ಅಂತರ, ಕಾಲು ಮಡಿಸಿ ಇಟ್ಟುಕೊಳ್ಳಲು ಬಿಟ್ಟ ಜಾಗ ಎಲ್ಲವೂ ಅವಳ ಅಳತೆಗೆ ಸರಿಯಾಗಿತ್ತು. ಯಾರೋ ಬಹಳ ಪ್ರೀತಿಯಿಂದ ಯೋಚಿಸಿ ಹೇಳಿ ಮಾಡಿಸಿದ್ದರು.

ಹಾಜಿರಾ ಬೀದಿಯಲ್ಲೇ ನಿಂತುಬಿಟ್ಟಳು. ಹದಿನೆಂಟು ವರ್ಷದ ಸುಸ್ತು ಒಂದೇ ಸಲ ಮೈಮೇಲೆ ಬಿದ್ದಂತಾಯಿತು. ಇನ್ನು ಮುಂದಿನ ಹದಿನೆಂಟು ವರ್ಷದ್ದೂ ಅದರ ಹಿಂದೆಯೇ ಸಾಲು ನಿಂತಿರುವುದು ಕಂಡಿತು.

ಮಾರನೆಯ ಬೆಳಿಗ್ಗೆ ಅವನು ಗೂಡಿನ ಮಾರ್ಕೆಟ್ಟಿಗೆ ಹೋಗುವ ದಾರಿಯಲ್ಲಿ, ಅರ್ಕಾವತಿ ಸೇತುವೆಯ ಹತ್ತಿರ ಅವನನ್ನು ತಡೆದಳು. ಸೈಕಲ್ಲಿನ ಹಿಂದೆ ಖಾಲಿ ಚೀಲ ಕಟ್ಟಿಕೊಂಡಿದ್ದವನು ಇವಳನ್ನು ಕಂಡು ಗಲಿಬಿಲಿಯಿಂದ ಇಳಿದ.

“ಸನಾವುಲ್ಲಾ ಭಾಯ್, ಒಂದು ಮಾತು ಕೇಳ್ಬೇಕಿತ್ತು.”

“ಕೇಳು. ಆದ್ರೆ ಇನ್ಮೇಲೆ ಭಾಯ್ ಅನ್ಬೇಡ. ಜನ ನಗ್ತಾರೆ.”

“ಮತ್ತೇನನ್ಲಿ?”

“ಅದನ್ನ ನಾನು ಹೇಳ್ಲಾ?” ಅವನ ಕಿವಿ ಕೆಂಪಾಯಿತು. ಹಾಜಿರಾಳಿಗೂ ನಗು ಬಂತು. ಆ ನಗು ಇದ್ದಾಗಲೇ ಕೇಳಿಬಿಡಬೇಕು, ಇಲ್ಲದಿದ್ದರೆ ಆಗುವುದಿಲ್ಲ ಎನಿಸಿತು.

“ನಿಕಾಹ್ ಆಯ್ತು ಅಂತ ಇಟ್ಕಳಿ. ನೆಂಟ್ರು ಊರಿಗೆ ಹೋದ್ರು. ಅದರ ಮಾರ್ನೇ ದಿನ ಬೆಳಿಗ್ಗೆ ನಾನೆಲ್ಲಿ ಕೂತಿರ್ತೀನಿ?”

ಸನಾವುಲ್ಲಾನಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಸುಳ್ಳು ಹೇಳಬೇಕೆಂದೂ ಹೊಳೆಯಲಿಲ್ಲ. “ಎಲ್ಲಿ ಅಂದ್ರೆ? ಬಾಣಲೆ ಮುಂದೆ. ನನ್ ಪಕ್ಕ.”

“ನನ್ ಪಕ್ಕ” ಎಂದಾಗ ಅವನ ದನಿ ಮೆತ್ತಗಾದದ್ದನ್ನು ಹಾಜಿರಾ ಕೇಳಿಸಿಕೊಂಡಳು. ಅದೇ ಅವಳಿಗೆ ಹೆಚ್ಚು ಕಷ್ಟವಾದದ್ದು.

“ಹಂಗಾದ್ರೆ ಬ್ಯಾಡ.”

“ಏನು ಬ್ಯಾಡ?”

“ಈ ನಿಕಾಹ್.”

ಸೇತುವೆಯ ಮೇಲೆ ಎತ್ತಿನ ಗಾಡಿಯೊಂದು ಹೋಯಿತು. ಅವನು ಅದಕ್ಕೆ ದಾರಿ ಬಿಟ್ಟು ಸೈಕಲ್ಲನ್ನು ಪಕ್ಕಕ್ಕೆ ಎಳೆದುಕೊಂಡ.

“ನಾನು ಬ್ಯಾಡ್ವಾ, ಬಾಣಲೆ ಬ್ಯಾಡ್ವಾ?”

“ಬಾಣಲೆ. ಸಾಕಾಗ್ಬುಟ್ಟೈತೆ ನಂಗೆ. ಈ ಮನೇಲೂ ಅದೇ, ಆ ಮನೇಲೂ ಅದೇ. ಅಲ್ಲೊಂದು ಕಟ್ಟೆ, ಇಲ್ಲೊಂದು ಕಟ್ಟೆ. ಕಟ್ಟೆ ಬದಲಾಯ್ಸಕ್ಕೆ ಮದುವೆ ಯಾಕೆ?”

“ಮತ್ತೆ ಏನು ಬೇಕು ನಿಂಗೆ?”

ಯಾರೂ ಅವಳನ್ನು ಹಾಗೆ ಕೇಳಿರಲಿಲ್ಲ. ಉತ್ತರ ತನ್ನಲ್ಲಿದೆಯೇ ಎಂದು ಅವಳೂ ಹುಡುಕಬೇಕಾಯಿತು.

“ಗೊತ್ತಿಲ್ಲ. ಸಾಯಂಕಾಲ ಮನೆಗೆ ಹೋಗೋವಾಗ ಕೈ ಒಣಗಿರ್ಬೇಕು. ಅಷ್ಟೇ ಗೊತ್ತಿರೋದು.”

ಅವನು ತಲೆ ತಗ್ಗಿಸಿ ಸೈಕಲ್ಲಿನ ಹ್ಯಾಂಡಲ್ ಹಿಡಿದಿದ್ದ ತನ್ನ ಕೈಗಳನ್ನೇ ನೋಡುತ್ತ ನಿಂತ. ಹಾಜಿರಾ ತಿರುಗಿ ನಡೆದಳು. ಅಳು ಬರಲಿಲ್ಲ. ಅಳುವಷ್ಟು ಶಕ್ತಿಯೂ ಇದ್ದಂತಿರಲಿಲ್ಲ.

ಮನೆಯಲ್ಲಿ ಜಬ್ಬಾರ್ ಎರಡು ದಿನ ಊಟ ಬಿಟ್ಟ.

“ಈ ವಯಸ್ಸಲ್ಲಿ ಬಂದ ಸಂಬಂಧ ಆಪಾ! ಅವರು ಏನೂ ಕೇಳ್ಲಿಲ್ಲ, ನಾವು ಏನೂ ಕೊಡಂಗಿಲ್ಲ. ಯಾರಾದ್ರೂ ಕೈಬಿಡ್ತಾರಾ?”

“ನಾನು ಬಿಟ್ಟೆ ಕಣೋ.”

“ಕೆಲಸ ಎಲ್ಲಾರೂ ಮಾಡ್ತಾರೆ. ನಂಗೂ ಆಟೋ ಓಡ್ಸಿ ಓಡ್ಸಿ ಸೊಂಟ ಬಿದ್ದೋಗೈತೆ. ಬುಟ್ಟು ಕೂತ್ಕಂಡ್ನಾ?”

ಹಾಜಿರಾ ತಮ್ಮನ ಮುಖ ನೋಡಿದಳು. ಅವನು ಹೇಳುವುದೂ ಸುಳ್ಳಲ್ಲ. ಎಲ್ಲರೂ ದಣಿದವರೇ. ಅವಳು ಎದ್ದು ಅವನಿಗೆ ತಟ್ಟೆ ಹಾಕಿದಳು.

ಮೂರು ವಾರ ಅವಳು ಶೆಡ್ಡಿಗೆ ಹೋದಳು, ಬಂದಳು. ಸನಾವುಲ್ಲಾ ಸೌದೆ ಕೇಳಲು ಬರಲಿಲ್ಲ. ಹಬೆಯ ಆಚೆ ಯಾರೋ ನಿಂತ ಹಾಗೆ ಅನಿಸಿ ಅವಳು ತಲೆ ಎತ್ತಿದರೆ ಬರೀ ಗೋಡೆ. ಹೇಳಿದ್ದು ತಪ್ಪಾಯಿತೇನೋ, ಹೇಳಬೇಕಾದ್ದನ್ನು ಪೂರ್ತಿ ಹೇಳಲಿಲ್ಲವೇನೋ ಎಂದು ಅನಿಸುತ್ತಿತ್ತು. ನೀವು ಬೇಡ ಅಂತ ಅಲ್ಲ ಎಂದು ಇನ್ನೊಂದು ಮಾತು ಸೇರಿಸಬಹುದಿತ್ತಲ್ಲ.

ನಾಲ್ಕನೆಯ ವಾರ, ಒಂದು ಸಂಜೆ ಶೆಡ್ಡಿನ ಬಾಗಿಲ ಹೊರಗೆ ಅವನು ನಿಂತಿದ್ದ. ಹೆಂಚು ನೋಡುತ್ತಿರಲಿಲ್ಲ. ನೆಟ್ಟಗೆ ಅವಳನ್ನೇ ನೋಡುತ್ತಿದ್ದ.

“ನೂಲು ಕೊಡಕ್ಕೆ ಅಂತ ಚನ್ನಪಟ್ಣಕ್ಕೆ ಹೋಗಿದ್ದೆ. ಅಲ್ಲಿ ಗೊಂಬೆ ಮಾಡೋದು ಕಲಿಸ್ತಾರಂತೆ ಕಣೆ ಹಾಜಿರಾ. ಹೆಂಗಸ್ರಿಗೇ ಅಂತ. ಆರು ತಿಂಗಳು. ಇಮಾಮ್ ಸಾಬ್ ಅಂತ ವಯಸ್ಸಾದೋರು ಹೇಳ್ಕೊಡೋದು. ನಾನು ಒಳಗೆ ಹೋಗಿ ನೋಡ್ಕಂಡು ಬಂದೆ.” ಅವನು ಉಸಿರು ಎಳೆದುಕೊಂಡ. “ಮರ, ಅರಗು, ಬಣ್ಣ. ನೀರೇ ಇಲ್ಲ. ಒಂದು ತೊಟ್ಟು ನೀರಿಲ್ಲ.”

ಹಾಜಿರಾಳ ಬಾಯಿಂದ ಬಂದದ್ದು ಬಿರುಸಾದ ಮಾತು.

“ಇದನ್ನ ಹೇಳಿದ್ರೆ ನಾನು ಹ್ಞೂಂ ಅಂತೀನಿ ಅಂತಾನಾ?”

“ಇಲ್ಲ.”

“ಮತ್ತೆ?”

“ಕೈ ಒಣಗಿರ್ಬೇಕು ಅಂದಿದ್ದಲ್ಲ. ಅದಕ್ಕೇ.” ಅಷ್ಟು ಹೇಳಿ, ಬೇರೇನೂ ಕೇಳದೆ ಸೈಕಲ್ ಹತ್ತಿ ಹೋದ.

ಕಲಿಯುವ ಆರು ತಿಂಗಳು ಅವರು ಕೊಡುವ ಭತ್ಯೆ ಶೆಡ್ಡಿನ ಕೂಲಿಯ ಅರ್ಧವೂ ಅಲ್ಲ ಎಂದು ಜಬ್ಬಾರ್ ರೇಗಿದ. ಬಿಸ್ಮಿಲ್ಲಾ ಮಾತ್ರ, “ಹೋಗ್ಲಿ ಬುಡಿ, ನಮ್ಮನ್ನೆಲ್ಲ ಸಾಕಿದೋರು ಅವರೇ ಅಲ್ವಾ” ಎಂದು ಮೆಲ್ಲಗೆ ಹೇಳಿದಳು. ಆ ಒಂದು ಮಾತಿನ ಬಲದ ಮೇಲೆ ಹಾಜಿರಾ ಶೆಡ್ಡು ಬಿಟ್ಟಳು.

ಆಗಿನ್ನೂ ರಾಮನಗರ, ಚನ್ನಪಟ್ಟಣದ ನಡುವೆ ಒಂದೇ ಹಳಿ. ಬೆಳಗಿನ ಪ್ಯಾಸೆಂಜರ್ ಹಿಡಿಯಲು ಅವಳು ಎಂಟಕ್ಕೆಲ್ಲ ಸ್ಟೇಷನ್ ರಸ್ತೆಯಲ್ಲಿ ಇರಬೇಕಿತ್ತು. ಮೊದಲ ದಿನವೇ ಹಣ್ಣಿನ ಗಾಡಿಯ ಮುಂದೆ ಸನಾವುಲ್ಲಾ ಬಾಳೆಹಣ್ಣು ಆರಿಸುತ್ತಿದ್ದುದು ಕಂಡಿತು. ಎರಡನೆಯ ದಿನವೂ ಆರಿಸುತ್ತಿದ್ದ. ಮೂರನೆಯ ದಿನ ಗಾಡಿಯವನು, “ತಗಳಕಿಲ್ಲ ಅಂದ್ರೆ ಮುಟ್ಬೇಡಿ ಸಾಬ್ರೇ, ಹಣ್ಣೆಲ್ಲ ಮೆತ್ತಗಾಯ್ತದೆ” ಎಂದು ಗದರಿದ್ದು ರಸ್ತೆಯ ಈಚೆಗೂ ಕೇಳಿಸಿತು. ಹಾಜಿರಾ ಸೆರಗನ್ನು ಬಾಯಿಗೆ ಒತ್ತಿಕೊಂಡು ಸ್ಟೇಷನ್ನಿನ ಒಳಗೆ ಓಡಿದಳು. ರೈಲು ಹೊರಟ ಮೇಲೂ ನಗು ನಿಲ್ಲಲಿಲ್ಲ.

ಆದರೆ ಕಲಿಯುವುದು ಅಂದುಕೊಂಡಷ್ಟು ಚೆಂದವಾಗಿರಲಿಲ್ಲ. ಅಲ್ಲಿದ್ದ ಹುಡುಗಿಯರಿಗೆಲ್ಲ ಹದಿನೆಂಟೋ ಇಪ್ಪತ್ತೋ. ಇವಳನ್ನು ಮೊದಲ ದಿನ ಕಸ ಗುಡಿಸಲು ಬಂದವಳೆಂದುಕೊಂಡಿದ್ದರು. ಲೇತಿನಲ್ಲಿ ತಿರುಗುವ ಮರಕ್ಕೆ ಉಳಿ ಹಿಡಿದರೆ ತೋಳು ನಡುಗುತ್ತಿತ್ತು. ಮರದ ಪುಡಿ ಮೂಗಿಗೆ ಹೋಗಿ ರಾತ್ರಿಯೆಲ್ಲ ಸೀನು. ಮೊದಲ ತಿಂಗಳು ಅವಳು ಮಾಡಿದ ಬುಗುರಿಗಳಲ್ಲಿ ಒಂದೂ ನೆಟ್ಟಗೆ ತಿರುಗಲಿಲ್ಲ.

“ನಿನ್ನ ಕೈಗೆ ಹುಡುಕೋದು ಗೊತ್ತು, ಒತ್ತೋದು ಗೊತ್ತಿಲ್ಲ ಬೇಟಿ,” ಎಂದರು ಇಮಾಮ್ ಸಾಬ್. ಎಪ್ಪತ್ತರ ಮುದುಕ, ಬೆರಳುಗಳು ಗಂಟುಗಂಟು. “ಇಲ್ಲಿ ಎಳೆ ಹರಿಯಕಿಲ್ಲ. ಹೆದರ್ಬೇಡ, ಒತ್ತು.”

ಬೆಂದ ರೇಷ್ಮೆಹುಳುವಿನ ವಾಸನೆ ಬಟ್ಟೆಯಿಂದ ಹೋಯಿತು, ಆದರೆ ಶೆಡ್ಡಿನ ಹೆಂಗಸರ ಹರಟೆಯೂ ಹೋಯಿತು. ಮಧ್ಯಾಹ್ನ ಒಬ್ಬಳೇ ಕೂತು ರೊಟ್ಟಿ ತಿನ್ನುವಾಗ ಅವಳಿಗೆ ಅದರ ನೆನಪೇ ಬರುತ್ತಿತ್ತು. ಮೂವತ್ತನಾಲ್ಕಕ್ಕೆ ಬದಲಾಗುತ್ತೇನೆಂದು ಹೊರಟಿದ್ದು ಹುಚ್ಚೇನೋ ಅನಿಸಿದ ದಿನಗಳು ಬಹಳ.

ಮೂರನೆಯ ತಿಂಗಳಲ್ಲಿ ಒಂದು ಮಧ್ಯಾಹ್ನ ಕೆಂಪು ಅರಗಿನ ಕಡ್ಡಿಯನ್ನು ತಿರುಗುತ್ತಿದ್ದ ಮರಕ್ಕೆ ಒತ್ತಿದಳು. ಬಿಸಿಗೆ ಅರಗು ಕರಗಿ, ಬಿಳಿ ಮರದ ಸುತ್ತ ಕೆಂಪು ತಾನಾಗಿ ಹರಡಿಕೊಂಡಿತು. ಒಣ ತಾಳೆಗರಿಯಿಂದ ಉಜ್ಜಿದಳು. ಹೊಳಪು ಎದ್ದಿತು. ಲೇತು ನಿಲ್ಲಿಸಿ ನೋಡಿದರೆ ಅದೊಂದು ಪುಟ್ಟ ಕುಂಕುಮದ ಡಬ್ಬಿ. ಒಂದು ಕಡೆಯೂ ಸೊಟ್ಟ ಇರಲಿಲ್ಲ.

ಇಮಾಮ್ ಸಾಬ್ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಮಾರಾಟಕ್ಕೆ ಹೋಗುವ ರಾಶಿಯಲ್ಲಿ ಇಟ್ಟರು.

ಆವತ್ತು ರೈಲಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತಾಗ ಮೈಯೆಲ್ಲ ನೋಯುತ್ತಿತ್ತು. ಉಗುರಿನ ಸಂದಿಯಲ್ಲಿ ಕೆಂಪು. ಇದೂ ದಣಿವೇ. ಆದರೆ ಇದು ಬೇರೆ ದಣಿವು. ನಾಳೆ ಹಸಿರು ಹಚ್ಚಿ ನೋಡಬೇಕು ಅಂದುಕೊಂಡು ಮಲಗುವ ದಣಿವು. ಇದನ್ನು ಯಾರಿಗಾದರೂ ಹೇಳಬೇಕು ಅನಿಸಿತು. ಯಾರಿಗೆ ಎಂದು ಯೋಚಿಸುವ ಮೊದಲೇ ಒಂದು ಮುಖ ಕಣ್ಣ ಮುಂದೆ ಬಂತು.

ಆದರೆ ಹಣ್ಣಿನ ಗಾಡಿಯ ಮುಂದೆ ಸನಾವುಲ್ಲಾ ಈಗ ಕಾಣುತ್ತಿರಲಿಲ್ಲ. ಒಂದು ತಿಂಗಳಾಗಿತ್ತು. ಗಾಡಿಯವನೇ ಒಂದು ದಿನ ಅವಳನ್ನು ನೋಡಿ ಹಲ್ಲು ಬಿಟ್ಟ. “ಸಾಬ್ರು ಬರ್ತಾನೇ ಇಲ್ವಲ್ಲಮ್ಮ?” ಹಾಜಿರಾ ಕೇಳಿಸದವಳ ಹಾಗೆ ನಡೆದಳು. ಅವನಾದರೂ ಎಷ್ಟು ದಿನ ಬರಿಗೈಯಲ್ಲಿ ನಿಂತಾನು, ತಾಯಿ ಬೇರೆ ಕಡೆ ಹೆಣ್ಣು ನೋಡಿರಬೇಕು ಎಂದುಕೊಂಡಳು. ಹಾಗೆ ಅಂದುಕೊಂಡ ದಿನ ಉಳಿ ಜಾರಿ ಹೆಬ್ಬೆರಳು ಗೀರಿಸಿಕೊಂಡಳು.

ಆರನೆಯ ತಿಂಗಳು ಮುಗಿಯುವ ಹೊತ್ತಿಗೆ ಇಮಾಮ್ ಸಾಬ್ ತಮ್ಮ ಅಂಗಡಿಯಲ್ಲೇ ಕೆಲಸಕ್ಕೆ ಬರಲು ಹೇಳಿದರು. ಆ ಸಂಜೆ ಐದೂವರೆಗೆ ಅವಳು ಚನ್ನಪಟ್ಟಣದ ಪ್ಲಾಟ್‌ಫಾರಂಗೆ ಬಂದಾಗ, ಕಲ್ಲುಬೆಂಚಿನ ಮೇಲೆ ಸನಾವುಲ್ಲಾ ಕೂತಿದ್ದ.

ಬಡವಾಗಿದ್ದ. ಗಡ್ಡದಲ್ಲಿ ಬಿಳಿ ಹೆಚ್ಚಾಗಿತ್ತು. ಕಣ್ಣ ಕೆಳಗೆ ಕಪ್ಪು.

“ನೂಲು ಕೊಡಕ್ಕೆ ಬಂದಿದ್ರಾ?” ಎಂದಳು ಹಾಜಿರಾ. ಎದೆ ಬಡಿದುಕೊಳ್ಳುವುದು ಮಾತಿನಲ್ಲಿ ಕೇಳಿಸಬಾರದೆಂದು ಮೆಲ್ಲಗೆ.

“ಹ್ಞೂಂ.” ಸುತ್ತ ನೋಡಿದ. ಕೈಯಲ್ಲಿ ಚೀಲವೂ ಇರಲಿಲ್ಲ. “ಇಲ್ಲ. ನಿನ್ನ ನೋಡಕ್ಕೆ ಬಂದೆ.”

ಹಾಜಿರಾ ಬೆಂಚಿನ ಆ ತುದಿಯಲ್ಲಿ ಕೂತಳು. ನಡುವೆ ಇಬ್ಬರು ಕೂರುವಷ್ಟು ಜಾಗ.

“ಒಂದು ಬಾಣಲೆಯವನು ಕೆಲಸ ಬುಟ್ಟೋದ. ಎರಡೂ ನಾನೇ ನೋಡ್ಕಬೇಕು. ನಾಲ್ಕು ಗಂಟೆಗೆ ಎದ್ರೆ ಸಂಜೆವರೆಗೂ ಬೆನ್ನು ಎತ್ತಂಗಿಲ್ಲ. ಅದಕ್ಕೇ ಸ್ಟೇಷನ್ ಹತ್ರ ಬರಕ್ಕಾಗ್ಲಿಲ್ಲ.”

“ಮೂರನೇ ಒಲೆ?”

“ಒಡೆದಾಕ್ದೆ. ನೀನು ಸೇತುವೆ ಹತ್ರ ಹೇಳಿದ ವಾರವೇ.”

“ಅಮ್ಮೀ ಏನಂದ್ರು?”

“ಹತ್ತು ದಿನ ಮಾತಾಡ್ಲಿಲ್ಲ. ಮೊನ್ನೆ ನನ್ ಪಕ್ಕ ಕೂತ್ಕಂಡು, ‘ನಾನೂ ಮೂವತ್ತು ವರ್ಷ ಕೂತಿದ್ದೆ ಕಣೋ ಅದರ ಮುಂದೆ, ನನ್ನ ಯಾರೂ ಕೇಳ್ಲಿಲ್ಲ’ ಅಂದ್ರು. ಆಮೇಲೆ ನೀನೇ ಹೋಗಿ ಕೇಳು ಅಂದ್ರು.” ಅವನು ಪಂಚೆಯ ಅಂಚು ಸರಿಮಾಡಿಕೊಂಡ. “ಒಂದು ಮಾತು ಹಾಜಿರಾ. ನಾನು ಬಾಣಲೆ ಬುಡಕಿಲ್ಲ. ನಂಗೆ ಬೇರೇನೂ ಬರಕಿಲ್ಲ. ಬುಡ್ತೀನಿ ಅಂತ ಸುಳ್ಳು ಹೇಳಿ ನಿನ್ನ ಕರ್ಕಂಡು ಹೋಗಕಿಲ್ಲ.”

“ನೀವು ಬುಡಿ ಅಂತ ನಾನೆಲ್ಲಿ ಅಂದೆ?”

“ನೀನು ಚನ್ನಪಟ್ಣಕ್ಕೆ ಹೋಗು, ದಿನಾ ಹೋಗು. ನೀನೂ ದಣಿದು ಬತ್ತೀಯ, ನಾನೂ ದಣಿದಿರ್ತೀನಿ. ಯಾರು ಮೊದಲು ಮನೆಗೆ ಬತ್ತಾರೋ ಅವರು ಅನ್ನಕ್ಕಿಡೋದು.” ಇಷ್ಟು ಉದ್ದ ಮಾತಾಡಿದ್ದಕ್ಕೆ ಅವನಿಗೇ ಸಂಕೋಚವಾಯಿತು. “ಅಷ್ಟೇ ನನ್ ಹತ್ರ ಇರೋದು.”

ಹಾಜಿರಾ ಹಳಿಗಳ ಕಡೆ ನೋಡುತ್ತ ಕೂತಳು. ಯಾರಾದರೂ ತನಗೆ ಹೇಳಲಿ ಎಂದು ಇಷ್ಟು ವರ್ಷ ಮನಸ್ಸಿನಲ್ಲಿ ಕಟ್ಟಿಕೊಂಡ ಮಾತುಗಳು ಹಲವಿದ್ದವು. ಅವುಗಳಲ್ಲಿ ಯಾವುದೂ ಇಷ್ಟು ಚೆನ್ನಾಗಿರಲಿಲ್ಲ.

“ನಿಮಗೆ ಅನ್ನ ಮಾಡಕ್ಕೆ ಬತ್ತದಾ?”

“ಗಂಜಿ ಬತ್ತದೆ. ಅನ್ನ ಅಂತ ಇಟ್ರೂ ಗಂಜಿನೇ ಆಯ್ತದೆ.”

ಅವಳು ನಕ್ಕಳು. ನಕ್ಕು ಸರಿದು ಕೂತಳು. ನಡುವಿನ ಜಾಗದಲ್ಲಿ ಈಗ ಒಬ್ಬರೂ ಹಿಡಿಸುತ್ತಿರಲಿಲ್ಲ.

“ಬಿಸಿನೀರಿಗೆ ಬೆರಳಿಟ್ಟು ಕುಣಿದ್ರಲ್ಲ, ಆವತ್ತಿಂದ,” ಎಂದಳು.

“ಆವತ್ತಿಂದ ಏನು?”

“ಆವತ್ತಿಂದ ಹ್ಞೂಂ ಅಂತಾನೇ ಇವ್ನಿ. ನಿಮಗೆ ಕೇಳಿಸ್ಲಿಲ್ಲ ಅಷ್ಟೇ.”

ಸನಾವುಲ್ಲಾ ಅವಳ ಕಡೆ ತಿರುಗಿದ. ಹೆಂಚಿಲ್ಲದ ಜಾಗ, ಕಣ್ಣು ಎಲ್ಲಿಗೂ ಓಡಿಹೋಗುವಂತಿರಲಿಲ್ಲ. ಅವನು ನೋಡಿದ. ಅವಳೂ ನೋಡಿದಳು. ಸೀನಿ ಸೀನಿ ಕೆಂಪಾದ ಅವಳ ಮೂಗು, ನಿದ್ದೆಗೆಟ್ಟ ಅವನ ಕಣ್ಣು. ಇಬ್ಬರಲ್ಲಿ ಯಾರೂ ಚೆಲುವಾಗಿ ಕಾಣುವ ಸಂಜೆ ಅದಲ್ಲ. ಆದರೂ ಯಾರೂ ಮುಖ ತಿರುಗಿಸಲಿಲ್ಲ.

ಕ್ರಾಸಿಂಗ್ ಇದೆ, ಪ್ಯಾಸೆಂಜರ್ ಬರುವುದು ಒಂದು ಗಂಟೆ ತಡ ಎಂದು ಸ್ಟೇಷನ್ನಿನವರು ಕೂಗಿದರು. ಬಸ್ಸಿಗೆ ಹೋಗುವುದೆಂದಾಯಿತು. ಬೆಂಗಳೂರಿನ ಬಸ್ಸು ತುಂಬಿ ತುಳುಕುತ್ತಿತ್ತು. ಹಿಂದೆ ಇಬ್ಬರು ಕೂರುವ ಸೀಟೊಂದು ಸಿಕ್ಕಿತು. ಹಾಜಿರಾ ಒಂದು ಗಳಿಗೆ ಹೆಂಗಸರ ಸೀಟಿನ ಕಡೆ ನೋಡಿದಳು, ಆಮೇಲೆ ಅವನ ಪಕ್ಕದಲ್ಲೇ ಕೂತಳು. ನೋಡಿದವರು ನೋಡಲಿ ಎಂದುಕೊಂಡಳು.

ಬಸ್ಸು ಊರು ದಾಟಿತು. ತೆಂಗಿನ ತೋಟಗಳ ಮೇಲೆ ಸಂಜೆಯ ಹಳದಿ. ಹಾಜಿರಾಳಿಗೆ ಇದ್ದಕ್ಕಿದ್ದಂತೆ ಒಂದು ಮಾತು ಹೊಳೆಯಿತು.

“ನೀವು ನನ್ನ ಏನು ಬೇಕು ಅಂತ ಕೇಳಿದ್ರಿ. ನಾನು ನಿಮ್ಮನ್ನ ಕೇಳ್ಲೇ ಇಲ್ಲ. ನಿಮಗೇನು ಬೇಕು?”

“ನಂಗಾ?”

“ಹ್ಞೂಂ, ನಿಮಗೇ.”

ಅವನು ಗಂಭೀರವಾಗಿ ಯೋಚನೆಗೆ ಬಿದ್ದ. ಹುಬ್ಬು ಗಂಟಿಕ್ಕಿಕೊಂಡು ಮುಂದಿನ ಸೀಟಿನ ಕಂಬಿ ಹಿಡಿದು ಕೂತ. “ಒಸಿ ತಡಿ, ಹೇಳ್ತೀನಿ,” ಎಂದ. ಹಾಜಿರಾ ಕಾದಳು. ಒಂದು ಹಳ್ಳಿ ಹೋಯಿತು, ಇನ್ನೊಂದು ಹಳ್ಳಿ ಹೋಯಿತು. ಕಂಬಿಯ ಮೇಲಿದ್ದ ಕೈ ಸಡಿಲವಾಗಿ ಮಡಿಲಿಗೆ ಜಾರಿತು. ತಲೆ ಮೊದಲು ಎದೆಗೆ ಬಿತ್ತು, ಆಮೇಲೆ ಈ ಕಡೆ ವಾಲಿ ಅವಳ ಭುಜದ ಮೇಲೆ ನಿಂತಿತು. ಬೆಳಗಿನ ನಾಲ್ಕಕ್ಕೆ ಎದ್ದ ಮನುಷ್ಯ. ಉತ್ತರ ಹುಡುಕುತ್ತ ಹುಡುಕುತ್ತ ನಿದ್ದೆ ಹೋಗಿಬಿಟ್ಟಿದ್ದ.

ದೂರದಲ್ಲಿ ರಾಮನಗರದ ಬಂಡೆಗಳು ಕಂಡವು. ಕಂಡಕ್ಟರ್ ಟಿಕೆಟ್ ಕೊಡುತ್ತ ಜನರ ನಡುವೆ ನುಗ್ಗಿಕೊಂಡು ಕೊನೆಗೆ ಇವರ ಸೀಟಿನ ಹತ್ತಿರ ಬಂದ.

“ರಾಮನಗರದೋರು ಇಳ್ಕಳಕ್ಕೆ ರೆಡಿ ಆಗಿ! ನಿಮಗೆಲ್ಲಿಗಮ್ಮ?”

ಹಾಜಿರಾ ಪಕ್ಕಕ್ಕೆ ನೋಡಿದಳು. ಅವನ ಹುಬ್ಬಿನ ಗಂಟು ಬಿಚ್ಚಿಕೊಂಡಿತ್ತು. ಬಾಯಿ ಒಂದಿಷ್ಟು ತೆರೆದಿತ್ತು. ಇಷ್ಟು ಹತ್ತಿರದಿಂದ ಅವನನ್ನು ಅವಳು ನೋಡಿರಲಿಲ್ಲ. ಮನೆಯಲ್ಲಿ ಬಿಸ್ಮಿಲ್ಲಾ ಕಾಯುತ್ತಿರುತ್ತಾಳೆ, ತಡವಾದರೆ ಜಬ್ಬಾರ್ ಬೈಯುತ್ತಾನೆ. ಬೈಯಲಿ.

“ಬಿಡದಿ,” ಎಂದು ರಾಮನಗರದ ಮುಂದಿನ ಊರಿನ ಹೆಸರು ಹೇಳಿದಳು ಹಾಜಿರಾ. “ಎರಡು ಕೊಡಿ.”

ರಾಮನಗರದಲ್ಲಿ ಬಸ್ಸು ನಿಂತಿತು. ಜನ ಇಳಿದರು, ಜನ ಹತ್ತಿದರು, ಯಾರದೋ ಚೀಲ ಅವಳ ಮೊಣಕಾಲಿಗೆ ತಗುಲಿತು. ಹಾಜಿರಾ ಭುಜ ಅಲುಗಿಸದೆ ಕೂತಿದ್ದಳು. ಕಂಡಕ್ಟರ್ ಸೀಟಿ ಊದಿದ. ಬಸ್ಸು ಮುಂದಕ್ಕೆ ಹೊರಟಿತು.